ಹುಲ್ಲು ಬಿಟ್ಟದ್ದು

ಜುಲೈ 28, ಸೋಮವಾರ

ಹನ್ನೊಂದು ಕಿಲೋಮೀಟರ್, 58 ನಿಮಿಷ. ಸಣ್ಣ ಮಳೆ. ಬೆಳಗಾವಿಯ ವಡಗಾವಿ, ನೇಕಾರರ ಓಣಿಯಲ್ಲಿ ಮೂರನೆಯ ಸುತ್ತಿಗೆ ಮಗ್ಗಗಳು ಒಂದೊಂದಾಗಿ ಎದ್ದವು. ಹೆಜ್ಜೆ ತಾನಾಗಿ ಅವುಗಳ ಲಯಕ್ಕೆ ಬೀಳುತ್ತದೆ. ಬೇಡವೆಂದರೂ.

ಹತ್ತಕ್ಕೆ ಕಾಲೇಜಿನ ಲ್ಯಾಬ್. ಆರು ಕ್ಯೂಬ್ ಒಡೆದೆ. ಕೆಲಸ ನಡೆಯುವ ಕಡೆಯಿಂದ ಬಂದ ಕಾಂಕ್ರೀಟ್ ತುಂಡುಗಳನ್ನು ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಭಾರಕ್ಕೆ ಒಡೆಯಿತು ಎಂದು ಬರೆದು ಸಹಿ ಮಾಡುವುದು. ಇಪ್ಪತ್ನಾಲ್ಕು ವರ್ಷವಾಯಿತು. ಎಂಜಿನಿಯರಿಂಗ್ ಹುಡುಗರ ಬಾಯಲ್ಲಿ ನಾನು ‘ಕ್ಯೂಬ್ ಭೂಪಾಲ’. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಖಾನಾಪುರದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ. ಅಕ್ಟೋಬರ್ 19. ಈ ವರ್ಷ ಐವತ್ತು ತುಂಬಿತು. ಐವತ್ತು ದಾಟಿದವರ ವಿಭಾಗ. ಮುದುಕರಲ್ಲಿ ಎಳೆಯ. ಇದಕ್ಕಿಂತ ಒಳ್ಳೆಯ ವರ್ಷ ಇನ್ನು ಬರುವುದಿಲ್ಲ... ಮಾಯಪ್ಪನಿಗೂ ಈ ವರ್ಷವೇ ಐವತ್ತು ತುಂಬದೆ ಇದ್ದಿದ್ದರೆ.

ಮಾಯಪ್ಪ ಗುಂಜಿಯವನು. ರೈಲ್ವೆಯಲ್ಲಿ ಕೀಮನ್ — ದಿನಾ ಹಳಿಯ ಗುಂಟ ಜಲ್ಲಿಯ ಮೇಲೆ ನಡೆದು, ಸುತ್ತಿಗೆಯಿಂದ ಬಡಿದು ನೋಡುವ ಕೆಲಸ. ರಜೆಯಲ್ಲಿ ಅಣ್ಣನ ಕುರಿ ಕಾಯುತ್ತಾನೆ. ಒಂಬತ್ತು ವರ್ಷದಿಂದ ಖಾನಾಪುರದಲ್ಲಿ ಅವನು ಮೊದಲು, ನಾನು ಎರಡನೆಯವನು. ಅವನ ಬನಿಯನ್ನಿನ ಬೆನ್ನಿನಲ್ಲಿ, ಎಡ ಭುಜದ ಕೆಳಗೆ, ಒಂದು ತೂತು ಇದೆ. ಮೊದಲ ವರ್ಷ ಮೆಣಸಿನ ಕಾಳಿನಷ್ಟಿತ್ತು. ಈಗ ಎಂಟಾಣೆಯಷ್ಟು. ಪ್ರಪಂಚದಲ್ಲಿ ಇಷ್ಟು ಗಮನವಿಟ್ಟು ನೋಡಿರುವ ವಸ್ತು ಬೇರೆ ಇಲ್ಲ.

ಆಸೆ ಒಂದೇ. ಮುಂದೆ ಯಾರ ಬೆನ್ನೂ ಇಲ್ಲದ ರಸ್ತೆ ಒಮ್ಮೆ ಕಾಣಬೇಕು.

ಆಗಸ್ಟ್ 3, ರವಿವಾರ

ಬಸದಿ. ಚಾತುರ್ಮಾಸಕ್ಕೆ ನಿಂತಿರುವ ಮುನಿ ಮಹಾರಾಜರ ಮುಂದೆ ಒಬ್ಬೊಬ್ಬರೇ ಎದ್ದು ನಿಯಮ ತೆಗೆದುಕೊಳ್ಳುವುದು. ಒಬ್ಬ ಚಹಾ ಬಿಟ್ಟ. ಒಬ್ಬಾಕೆ ಧಾರಾವಾಹಿ ಬಿಟ್ಟಳು. ರಾಜಮತಿ — ನನ್ನ ಹೆಂಡತಿ — ಬಟಾಟೆ ಬಿಟ್ಟಳು. ಎಲ್ಲರೂ ನನ್ನತ್ತ ತಿರುಗಿದರು.

ನನಗೆ ನಂಬಿಕೆ ಇಲ್ಲ. ಅಪನಂಬಿಕೆಗೆ ಬೇಕಾದ ಉತ್ಸಾಹವೂ ಇಲ್ಲ. ಸುಮ್ಮನೆ ಕೂತಿರಬಹುದಿತ್ತು, ಆದರೆ ಎದ್ದಾಗಿತ್ತು. ಬಟಾಟೆ ಸಾಧ್ಯವಿಲ್ಲ. ಚಹಾ ಯೋಚಿಸುವುದೇ ಬೇಡ. ಆಗ ಹೊಳೆಯಿತು. ಮಳೆಗಾಲದಲ್ಲಿ ಮೈದಾನ ಹೇಗೂ ಕೆಸರು. ಓಡುವುದು ವಡಗಾವಿಯ ಹೊಸ ಕಾಂಕ್ರೀಟ್ ಓಣಿಯಲ್ಲಿ. ದೀಪಾವಳಿ ಅಮಾವಾಸ್ಯೆಯವರೆಗೆ ಹಸಿ ಹುಲ್ಲು ತುಳಿಯುವುದಿಲ್ಲ ಎಂದೆ. ಹುಲ್ಲಿನಲ್ಲಿ ಈ ಕಾಲಕ್ಕೆ ಸಣ್ಣ ಜೀವಗಳು ಬಹಳ ಎಂಬ ಸಮಜಾಯಿಷಿಯನ್ನೂ ಸೇರಿಸಿದೆ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಹರಸಿದರು. ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು. ಅತಿ ಕಡಿಮೆ ಟೆಂಡರ್ ಹಾಕಿದವನಿಗೆ ಕೆಲಸ ಸಿಕ್ಕ ಹಾಗೆ.

ಮರಳುವಾಗ ರಾಜಮತಿ ಕೇಳಿದಳು:

‘ಬಟಾಟಿ ನಾ ದಿನಾ ತಿಂತಿದ್ದೆ, ಬಿಟ್ಟೆ. ಹುಲ್ಲು ನೀವು ದಿನಾ ತಿಂತಿದ್ರೇನು?’

ಆಗಸ್ಟ್ 16, ಶನಿವಾರ

ಈ ವಾರ ಎಪ್ಪತ್ತು ಕಿಲೋಮೀಟರ್. ಎಲ್ಲ ಕಾಂಕ್ರೀಟ್.

ಒಳ್ಳೆಯ ನೆಲ. ಕಳೆದ ವರ್ಷ ಈ ಓಣಿ ಹಾಕುವಾಗ ಕ್ಯೂಬ್ ಬಂದದ್ದು ನನ್ನ ಲ್ಯಾಬಿಗೇ. ಬಲ 25 ಬಂದರೆ ಸಾಕಿತ್ತು, ಸರಾಸರಿ 34 ಬಂತು. ಕಾಂಟ್ರಾಕ್ಟರ್ ತನಗೇ ಗೊತ್ತಿಲ್ಲದೆ ಪ್ರಾಮಾಣಿಕನಾಗಿದ್ದ. ಬೆಳಿಗ್ಗೆ ಅದರ ಮೇಲೆ ಓಡುವಾಗ ಸಣ್ಣ ಹೆಮ್ಮೆ — ಇದಕ್ಕೆ ಸಹಿ ಹಾಕಿದವನು ನಾನು. ಗಟ್ಟಿಯಾಗಿದೆ. ಹೆಜ್ಜೆ ಇಟ್ಟಷ್ಟೇ ವಾಪಸ್ ಕೊಡುತ್ತದೆ.

ಆಗಸ್ಟ್ 29, ಶುಕ್ರವಾರ

ಎಡ ಮೊಣಕಾಲಿನ ಕೆಳಗೆ, ಮೂಳೆಯ ಒಳ ಅಂಚಿನಲ್ಲಿ, ಒಂದು ಬೆರಳಿನಷ್ಟು ಜಾಗ. ನೋವು ಎನ್ನಲಾಗದು. ಯಾರೋ ಬಾಗಿಲ ಹೊರಗೆ ನಿಂತು ತಟ್ಟಲೋ ಬೇಡವೋ ಎಂದು ಯೋಚಿಸುತ್ತಿರುವ ಹಾಗೆ.

ಸೆಪ್ಟೆಂಬರ್ 4, ಗುರುವಾರ

ತಟ್ಟಿದರು.

ಡಾ. ಪೂನಮ್ ಚಿಕ್ಕ ವಯಸ್ಸಿನವರು, ಓಟಗಾರರ ಮೂಳೆ ನೋಡುವವರು. ಎಡಗಾಲಲ್ಲಿ ಕುಂಟುತ್ತ ಹಾರಲು ಹೇಳಿದರು. ಮೂರು ಸಲ ಹಾರಿದೆ. ನಾಲ್ಕನೆಯದಕ್ಕೆ ಗೋಡೆ ಹಿಡಿದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ, ಮೊದಮೊದಲು ಕಾಣುವುದಿಲ್ಲವಂತೆ. ಎಲ್ಲಿ ಓಡುತ್ತೀರಿ ಎಂದರು. ಹೇಳಿದೆ. ಪೆನ್ನು ಕೆಳಗಿಟ್ಟರು.

‘ಎರಡು ವಾರ ಅರ್ಧಕ್ಕರ್ಧ ಕಡಿಮಿ ಮಾಡ್ರಿ. ಕಾಂಕ್ರೀಟ್ ಬಂದ್. ಹುಲ್ಲಿನ ಮ್ಯಾಲೆ ಓಡ್ರಿ.’

ನಿಯಮದ ವಿಷಯ ಹೇಳಿದೆ. ಅವರ ಅಜ್ಜಿಯೂ ಒಮ್ಮೆ ತೆಗೆದುಕೊಂಡಿದ್ದರಂತೆ. ‘ಆದ್ರ ಅವ್ರು ಹತ್ತು ಕಿಲೋಮೀಟರ್ ಓಡ್ತಿರಲಿಲ್ಲ’ ಎಂದರು.

ಸೆಪ್ಟೆಂಬರ್ 6, ಶನಿವಾರ

ಎರಡು ದಿನದಿಂದ ಮಣ್ಣು ಹುಡುಕುತ್ತಿದ್ದೇನೆ. ಈ ಕಾಲದಲ್ಲಿ ಬೆಳಗಾವಿಯಲ್ಲಿ ಬರಿಯ ಮಣ್ಣು ಎಂಬುದಿಲ್ಲ. ಮೈದಾನ ಹಸಿರು, ಕೆರೆಯ ದಂಡೆ ಹಸಿರು, ಹೊಲದ ದಾರಿಯಲ್ಲಿ ಗಾಡಿಯ ಗಾಲಿ ಹೋಗುವ ಎರಡು ಪಟ್ಟಿ ಬಿಟ್ಟು ನಡುವೆ ಹಸಿರು. ನಮ್ಮ ಕಂಪೌಂಡ್ ಗೋಡೆಯ ತಲೆಯ ಮೇಲೂ ಹಸಿರು.

ಒಂದು ಮಾತು ಮುರಿದರೆ ಏನಾದೀತು ಎಂದು ಕೇಳಿಕೊಂಡೆ. ಏನೂ ಆಗುವುದಿಲ್ಲ. ನರಕವಿಲ್ಲ, ದಂಡವಿಲ್ಲ, ನೋಡುವವರೂ ಇಲ್ಲ. ಮೈದಾನದ ಅಂಚಿಗೆ ಹೋಗಿ ಬಲಗಾಲು ಎತ್ತಿದೆ. ಇಡಲಾಗಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಇಪ್ಪತ್ತೇಳನೆಯ ದಿನ ಒಡೆದ ಕ್ಯೂಬಿಗೆ ಇಪ್ಪತ್ತೆಂಟು ಎಂದು ಬರೆದಿಲ್ಲ. ಭಕ್ತಿಯಲ್ಲ ಇದು. ಚಟ.

ಮಧ್ಯಾಹ್ನ ಲ್ಯಾಬಿನ ಹಿಂದಿನ ಮರಳಿನ ರಾಶಿ ಕಂಡಿತು. ಶೂ ಬಿಚ್ಚಿ ಹತ್ತಿ ಇಳಿದು ಮಾಡಿದೆ. ಹತ್ತು ನಿಮಿಷ. ಕ್ಯೂಬ್ ಎತ್ತಿಡುವ ಶಿವಬಸವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಸರ, ಬೆಕ್ಕು ಗಲೀಜ ಮಾಡ್ತಾವಂತ ಅದನ್ನ ದಿನಾ ಮುಚ್ಚಿ ಇಡ್ತಿದ್ದೆ’ ಎಂದಳು. ‘ಇವತ್ತ ಮುಚ್ಚಾಕ ಮರ್ತಿದ್ದೆ.’

ಸೆಪ್ಟೆಂಬರ್ 7, ರವಿವಾರ

ಪ್ಯಾಸೆಂಜರ್ ಗಾಡಿಯಲ್ಲಿ ಗುಂಜಿ. ಹಳಿಯ ಪಕ್ಕದ ಕಾಲುದಾರಿಯಲ್ಲಿ ಹುಲ್ಲು ಇರಲಿಕ್ಕಿಲ್ಲ ಎಂಬ ಲೆಕ್ಕ. ಮಾಯಪ್ಪ ಸ್ಟೇಷನ್ನಿಗೆ ಬಂದಿದ್ದ, ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ. ಹಳಿಯ ಪಕ್ಕ ಓಡಲು ಬಿಡುವುದಿಲ್ಲ ಎಂದ. ಸ್ನೇಹ ಬೇರೆ, ರೈಲ್ವೆ ಬೇರೆ.

ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂಡಿಸಿ ಚಹಾ ತರಿಸಿದ. ನಿಯಮದ ಕಥೆ ಹೇಳಿದೆ. ನಗಲಿಲ್ಲ.

‘ನಮ್ಮ ಕುರಿಗೋಳಿಗೆ ಗೊತ್ತಾದ್ರ ನಿಮಗ ಕೈ ಮುಗೀತಾವ್ರಿ. ಅವುಕ್ಕ ಹುಲ್ಲು ಉಳೀತಲ್ಲ.’

ಕಾಲು ಎಲ್ಲಿ ಎಂದು ಕೇಳಿದ. ತೋರಿಸಿದೆ. ಸುತ್ತಿಗೆ ತಿರುಗಿಸಿ, ಮರದ ಹಿಡಿಯ ತುದಿಯಿಂದ, ಮೊಣಕಾಲಿನಿಂದ ಕೆಳಗೆ ತಟ್ಟುತ್ತ ಬಂದ. ತಲೆ ಓರೆ ಮಾಡಿ ಕೇಳುತ್ತ. ಹಳಿ ಬಡಿಯುವಾಗಲೂ ಹೀಗೆಯೇ ಇರಬೇಕು. ಆ ಒಂದು ಬೆರಳಿನ ಜಾಗಕ್ಕೆ ಬಂದಾಗ ಚಹಾ ಚೆಲ್ಲಿದೆ.

‘ಇಲ್ಲಿ ಬಿರುಕು ಐತ್ರಿ ಸರ.’

ಫೋಟೊದಲ್ಲಿ ಏನೂ ಇಲ್ಲ ಎಂದೆ.

‘ಹಳಿನೂ ಫೋಟೊದಾಗ ಚಲೋನ ಕಾಣತೈತಿ. ಇಂಥಾ ಜಾಗಾಕ್ಕ ನಾವು ಕೆಂಪು ಬಾವುಟ ಹಚ್ಚತೇವಿ. ಗಾಡಿ ನಿಲ್ಲಬೇಕು. ಇಲ್ಲಂದ್ರ ಇಪ್ಪತ್ತರ ಸ್ಪೀಡಿನಾಗ ಹೋಗಬೇಕು.’

ಮರಳುವ ಗಾಡಿಯಲ್ಲಿ ಯೋಚಿಸಿದೆ. ಒಂಬತ್ತು ವರ್ಷ ಗೆದ್ದವನು ಎರಡನೆಯವನಿಗೆ ಓಡಬೇಡ ಎನ್ನುತ್ತಿದ್ದಾನೆ. ಅವನ ಮುಖ ಪೂರಾ ನಿರ್ಮಲವಾಗಿತ್ತು. ಅದೇ ಅನುಮಾನ ಹುಟ್ಟಿಸುವುದು.

ಸೆಪ್ಟೆಂಬರ್ 10, ಬುಧವಾರ

ಸಿಕ್ಕಿತು. ಗರಡಿ ಮನೆ. ಕುಸ್ತಿಯ ಕೆಂಪು ಮಣ್ಣು — ಮಜ್ಜಿಗೆ, ಎಣ್ಣೆ, ಅರಿಸಿನ ಕಲಸಿ ಹದ ಮಾಡಿದ್ದು, ದಿನಾ ಅಗೆಯುತ್ತಾರೆ, ಒಂದು ಎಸಳು ಹುಲ್ಲಿಲ್ಲ. ಕುಸ್ತಿ ಕಲಿಸುವ ವಸ್ತಾದರು ಕೈ ಮುಗಿದು ಒಳಗೆ ಬರಬೇಕು, ಶೂ ಹೊರಗಿಡಬೇಕು ಎಂದರು. ಒಪ್ಪಿದೆ.

ಇಪ್ಪತ್ತು ಅಡಿಯ ಚೌಕ. ಮೆತ್ತಗೆ, ತಂಪು. ಬರಿಗಾಲಲ್ಲಿ ನೂರೈವತ್ತು ಸುತ್ತು. ಪೈಲ್ವಾನರು ದಂಡ ಹೊಡೆಯುವುದು ನಿಲ್ಲಿಸಿ ನೋಡಿದರು. ಎಂಬತ್ತನೆಯ ಸುತ್ತಿಗೆ ಗೋಡೆಯ ಹನುಮಂತನೇ ನನ್ನ ಸುತ್ತ ತಿರುಗುತ್ತಿದ್ದ.

ವಸ್ತಾದರು ಕೊನೆಗೆ, ‘ಗಾಣದ ಎತ್ತಿಗೆ ಕಣ್ಣಿಗೆ ಅರಿವಿ ಕಟ್ಟತಾರ್ರಿ, ತಿರಗೋದು ಗೊತ್ತಾಗಬಾರದಂತ. ನಿಮಗ ಅದೂ ಬ್ಯಾಡಾಗೇತಿ’ ಎಂದರು.

ಸಂಜೆ ಗಮನಕ್ಕೆ ಬಂತು. ನೂರೈವತ್ತು ಸುತ್ತೂ ಎಡಕ್ಕೇ ತಿರುಗಿದ್ದೆ. ಒಳಗಿನ ಕಾಲು ಎಡಗಾಲು.

ಸೆಪ್ಟೆಂಬರ್ 16, ಮಂಗಳವಾರ

ಎಂ.ಆರ್.ಐ. ಮೂಳೆಯಲ್ಲಿ ಗೆರೆ. ಕೂದಲೆಳೆಯಷ್ಟು, ಅಡ್ಡಕ್ಕೆ. ಮಾಯಪ್ಪ ತಟ್ಟಿದ ಜಾಗದಲ್ಲೇ. ಒಂದು ಕ್ಷಮೆ ಬಾಕಿ ಇದೆ.

ಡಾ. ಪೂನಮ್ ವಿವರಿಸಿದರು — ಒಂದು ದೊಡ್ಡ ಏಟಿನಿಂದ ಆದದ್ದಲ್ಲ, ಲಕ್ಷಾಂತರ ಸಣ್ಣ ಏಟು. ಪ್ರತಿಯೊಂದೂ ತಡೆಯುವಂಥದ್ದೇ. ಮೂಳೆ ದಿನಾ ರಿಪೇರಿ ಮಾಡಿಕೊಳ್ಳುತ್ತದೆ, ನೀವು ಅದಕ್ಕೆ ದಿನ ಬಿಡಲಿಲ್ಲ. ಫಟೀಗ್, ದಣಿದು ಬಿರಿಯುವುದು, ಎಂದರು. ನಾನು ಆ ಅಧ್ಯಾಯವನ್ನು ಹುಡುಗರಿಗೆ ಹದಿನೆಂಟು ಸಲ ಹೇಳಿಕೊಟ್ಟಿದ್ದೇನೆ. ಚಿತ್ರ ಬರೆದು.

ಆರು ವಾರ ಓಟವಿಲ್ಲ. ಅಂದರೆ ಅಕ್ಟೋಬರ್ 28. ಓಟ 19ಕ್ಕೆ. ಇಪ್ಪತ್ತೆಂಟು ದಿನ ಸಾಲದೆ ಎಂದು ಕೇಳಿದೆ. ‘ಕಾಂಕ್ರೀಟ್ ಅಲ್ರಿ ಇದು’ ಎಂದರು. ಈಗ ಓಡಿ ಪೂರಾ ಮುರಿದರೆ ರಾಡ್ ಹಾಕಬೇಕಾಗುತ್ತದೆ, ಆಮೇಲೆ ಓಟದ ಮಾತು ಬೇಡ. ಇದನ್ನು ಎರಡು ಸಲ ಹೇಳಿದರು.

ಸರಾಸರಿ 34. ಸಹಿ: ಭೂಪಾಲ.

ರಾಜಮತಿಗೆ ಸ್ನಾಯು ಹಿಡಿದಿದೆ ಎಂದೆ. ಫಿಲ್ಮನ್ನು ಅಟ್ಟದ ಮೇಲೆ ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟೆ.

ಸೆಪ್ಟೆಂಬರ್ 23, ಮಂಗಳವಾರ

ಏಳನೆಯ ದಿನ. ಏಳಕ್ಕೆ ಕಾಂಕ್ರೀಟ್ ಸುಮಾರು ಮೂರರಲ್ಲಿ ಎರಡು ಪಾಲು ಬಲ ಪಡೆದಿರುತ್ತದೆ. ಮೂಳೆಗೆ ಕೋಡ್ ಪುಸ್ತಕ ಇಲ್ಲ.

ಸೆಪ್ಟೆಂಬರ್ 30

ಹದಿನಾಲ್ಕು.

ಅಕ್ಟೋಬರ್ 14, ಮಂಗಳವಾರ

ಇಪ್ಪತ್ತೆಂಟು.

ಲ್ಯಾಬಿನ ಬಾಗಿಲು ಹಾಕಿ, ಕ್ಯೂಬ್ ತೊಟ್ಟಿಯ ಪಕ್ಕ, ಎಡಗಾಲಲ್ಲಿ ಹಾರಿದೆ. ಒಂದು, ಎರಡು... ಹತ್ತರವರೆಗೆ ನೋವಿಲ್ಲ. ಹನ್ನೊಂದಕ್ಕೆ ಇದೆಯೋ ಇಲ್ಲವೋ. ಹನ್ನೆರಡು ಹಾರಲಿಲ್ಲ, ಫಲಿತಾಂಶ ಕೆಡಿಸುವುದು ಬೇಡ ಎಂದು. ತಿರುಗಿದರೆ ತೊಟ್ಟಿಯ ಆಚೆ ಶಿವಬಸವ್ವ, ಕೈಯಲ್ಲಿ ಒದ್ದೆ ಕ್ಯೂಬ್ ಹಿಡಿದು. ಮೊದಲಿನಿಂದ ಅಲ್ಲೇ ಇದ್ದಳಂತೆ. ಮಕ್ಕಳ ಕುಂಟಾಟಕ್ಕೆ ಮನೆ ಗೆರೆ ಬರೆಯಬೇಕು, ಸೀಮೆಸುಣ್ಣ ಕೊಡಲೇ ಎಂದಳು.

ಮಧ್ಯಾಹ್ನ ಸುಜಯ ಬಂದ. ಪಾರಿಶ್ವಾಡದ ಕಡೆ ಒಂದು ಶಾಲೆ ಕಟ್ಟಡದ ಕಾಂಟ್ರಾಕ್ಟರ್. ಅವನ ಕ್ಯೂಬಿಗೆ ಇವತ್ತು ಇಪ್ಪತ್ತೈದನೆಯ ದಿನ. ಹಬ್ಬದ ಮೊದಲು ಸ್ಲ್ಯಾಬ್ ಕೆಳಗಿನ ಆಧಾರ ತೆಗೆಯಬೇಕಂತೆ. ಇವತ್ತೇ ಒಡೆದು ಇಪ್ಪತ್ತೆಂಟು ಅಂತ ಬರೆಯಿರಿ, ಮೂರು ದಿನಕ್ಕೆ ಏನಾಗುತ್ತದೆ ಎಂದ. ನಾನು ಹೇಳಬೇಕಾದ್ದನ್ನು ಹೇಳಿದೆ. ಚೆನ್ನಾಗಿ ಹೇಳಿದೆ ಕೂಡ — ಸಮಯವೂ ಸಿಮೆಂಟಿನ ಹಾಗೆ ಒಂದು ಸಾಮಗ್ರಿ, ಅದರಲ್ಲಿ ಕಲಬೆರಕೆ ನಡೆಯುವುದಿಲ್ಲ, ಕೆಳಗೆ ಮಕ್ಕಳು ಕೂರುತ್ತಾರೆ.

ಸುಜಯ ಕೇಳಿಸಿಕೊಂಡ. ಶಿವಬಸವ್ವನ ಕಡೆ ನೋಡಿದ. ಅವಳು ತೊಟ್ಟಿಯ ಕಡೆ ನೋಡಿದಳು.

‘ನಿಮ್ಮ ಕಾಲಿಗೆ ಡಾಕ್ಟರ್ ಎಷ್ಟು ದಿನ ಹೇಳ್ಯಾರ್ರಿ ಸರ?’

ಅಕ್ಟೋಬರ್ 17, ಶುಕ್ರವಾರ

ಸುಜಯನ ಮೂರು ಕ್ಯೂಬ್. ಪೂರಾ ಇಪ್ಪತ್ತೆಂಟು ದಿನ. 29, 30, 28. ಪಾಸ್. ಸಹಿ ಹಾಕಿದೆ.

ರವಿವಾರಕ್ಕೆ ನನಗೆ ಮೂವತ್ಮೂರು. ನಲವತ್ತೆರಡಕ್ಕೆ ಒಂಬತ್ತು ಕಡಿಮೆ.

ಅಕ್ಟೋಬರ್ 18, ಶನಿವಾರ, ಸಂಜೆ

ಹಬ್ಬದ ಸ್ವಚ್ಛತೆ. ಇದನ್ನು ಹೇಗೆ ಮರೆತೆ? ವರ್ಷಕ್ಕೊಮ್ಮೆ ಅಟ್ಟದ ಮೇಲಿನದೆಲ್ಲ ಕೆಳಗೆ ಬರುವ ವಾರ.

ಲ್ಯಾಬಿನಿಂದ ಬಂದಾಗ ರಾಜಮತಿ ಅಂಗಳದಲ್ಲಿ ಕೂತು ಆಕಾಶಬುಟ್ಟಿ ಕಟ್ಟುತ್ತಿದ್ದಳು. ಬಿದಿರಿನ ಕಡ್ಡಿ, ಅಂಟು, ಬಣ್ಣದ ಕಾಗದ. ಒಂದು ಮಗ್ಗುಲಿಗೆ ಕಾಗದವಿಲ್ಲ. ಅಲ್ಲಿ ನನ್ನ ಎಡಗಾಲು, ಎಂ.ಆರ್.ಐ. ಫಿಲ್ಮು. ಹನ್ನೆರಡು ಚಿತ್ರ, ಮೂರು ಸಾಲು, ಕತ್ತರಿಸದೆ ಹಾಗೇ ಅಂಟಿಸಿದ್ದಾಳೆ. ಒಳಗೆ ಬಲ್ಬ್ ಹಾಕಿ ನೋಡಿದಳು. ಬಹಳ ಸ್ಪಷ್ಟವಾಗಿ ಬಂತು. ಆಸ್ಪತ್ರೆಯಲ್ಲಿ ಇಷ್ಟು ಕಂಡಿರಲಿಲ್ಲ.

‘ಅಟ್ಟದ ಮ್ಯಾಲೆ ಸಿಕ್ತು. ಬೆಳಕು ಚಲೋ ಹಾಯತೈತಿ’ ಎಂದಳು.

ಬಲ್ಬ್ ಆರಿಸುತ್ತ, ‘ನಾ ಏನೂ ಹೇಳಂಗಿಲ್ಲ. ಕಾಲು ನಿಮ್ಮದು. ಮುರದ್ರ ಮಾತ್ರ ಹೊತ್ತು ತಿರಗಾಕ ನನಗ ಆಗಂಗಿಲ್ಲ, ಈಗ ಹೇಳಿರ್ತೀನಿ.’

ಊಟಕ್ಕೆ ಬಟಾಟೆ ಪಲ್ಯ ಮಾಡಿದ್ದಳು, ನನಗೊಬ್ಬನಿಗೇ. ಇದಕ್ಕೆ ಏನು ಅರ್ಥ ಎಂದು ಇನ್ನೂ ಯೋಚಿಸುತ್ತಿದ್ದೇನೆ.

ಅಕ್ಟೋಬರ್ 19, ರವಿವಾರ, ಮಧ್ಯಾಹ್ನ ಮೂರು

ಕಾಲು ದಿಂಬಿನ ಮೇಲೆ. ಕ್ರಮವಾಗಿ ಬರೆಯುತ್ತೇನೆ.

ಖಾನಾಪುರ, ಬೆಳಿಗ್ಗೆ ಏಳು. ಐವತ್ತು ದಾಟಿದವರನ್ನು ಮೊದಲು ಬಿಟ್ಟರು. ಬಿಸಿಲೇರುವುದರೊಳಗೆ ಮುದುಕರು ಮುಗಿಯಲಿ ಎಂದು. ಇಪ್ಪತ್ತೆರಡು ಜನ. ಪಾರಿಶ್ವಾಡದ ರಸ್ತೆಯಲ್ಲಿ ಐದು ಹೋಗಿ ಐದು ಬರುವುದು, ಪೂರಾ ಡಾಂಬರು, ಬಸ್‌ಸ್ಟ್ಯಾಂಡಿನ ಮುಂದೆ ಮುಕ್ತಾಯ. ಮಾಯಪ್ಪ ನನ್ನ ಕಾಲು ನೋಡಿದ, ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಕ್ಷಮೆ ಕೇಳಲು ಅದೇ ಸಮಯ. ಪೀಪಿ ಊದಿದರು.

ಏಳು ಕಿಲೋಮೀಟರ್‌ವರೆಗೆ ತೂತನ್ನೇ ನೋಡುತ್ತ ಓಡಿದೆ. ಎಂಟಾಣೆ ಈಗ ರೂಪಾಯಿ. ಎಂಟರ ಹತ್ತಿರ ಏರು. ಅವನ ಹೆಜ್ಜೆ ಸ್ವಲ್ಪ ಭಾರವಾಯಿತು — ಹಿಂದಿನ ದಿನ ಡಬಲ್ ಡ್ಯೂಟಿ ಮಾಡಿದ್ದನೆಂದು ಆಮೇಲೆ ತಿಳಿಯಿತು. ಪಕ್ಕಕ್ಕೆ ಬಂದೆ. ದಾಟಿದೆ.

ಮುಂದೆ ಯಾರೂ ಇಲ್ಲ.

ಒಂದೂವರೆ ಕಿಲೋಮೀಟರ್ ಹಾಗೇ ಇತ್ತು. ದಾಖಲೆಗಾಗಿ ಬರೆಯುತ್ತೇನೆ: ರಸ್ತೆ. ಎರಡೂ ಕಡೆ ಭತ್ತ. ಒಂದು ನಾಯಿ. ಒಂಬತ್ತು ವರ್ಷ ಕಾದ ನೋಟದಲ್ಲಿ ವಿಶೇಷವೇನೂ ಇರಲಿಲ್ಲ. ಕಣ್ಣಿಗೆ ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ತೂತಿನ ನೆನಪಾಯಿತು.

ಅದೇ ಹೊತ್ತಿಗೆ ಕಾಲಿನ ನೆನಪೂ.

ಊರೊಳಗೆ ಬಂದರೆ ಬಸ್‌ಸ್ಟ್ಯಾಂಡಿನ ಮುಂದೆ ಹಬ್ಬದ ಸಂತೆ ಹರಡಿಕೊಂಡಿದೆ. ಚೆಂಡು ಹೂವು, ಹಣತೆ, ರಂಗೋಲಿ ಪುಡಿ. ನಾವು ಪಾರಿಶ್ವಾಡದ ರಸ್ತೆಯಲ್ಲಿದ್ದಾಗ ಮುಕ್ತಾಯದ ಗೆರೆಯನ್ನು ಶಾಲೆಯ ಮೈದಾನಕ್ಕೆ ಒಯ್ದಿದ್ದರು. ಸ್ವಯಂಸೇವಕ ಕೈ ಬೀಸಿ ಗೇಟಿನೊಳಗೆ ತಿರುಗಿಸಿದ. ಗೇಟಿನಿಂದ ಟ್ರ್ಯಾಕಿನವರೆಗೆ ಮಣ್ಣು. ಅಲ್ಲಿಂದ ಮುಂದೆ ಮುನ್ನೂರು ಮೀಟರಿನ ಒಂದು ಸುತ್ತು. ಹಿಂದಿನ ವಾರದ ಕ್ರೀಡಾಕೂಟದ ಬಿಳಿ ಗೆರೆಗಳು. ಗೆರೆಗಳ ನಡುವೆ, ಆಚೆ, ಈಚೆ, ಮೂರು ತಿಂಗಳ ಮಳೆ ಕುಡಿದ ಹಸಿ ಹುಲ್ಲು.

ನಿಂತೆ.

ಅಮಾವಾಸ್ಯೆಗೆ ಎರಡು ದಿನ. ಮೈಕಿನವನು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಮುಂದೆ ಬರ್ರಿ ಎಂದು ಕರೆಯುತ್ತಿದ್ದ. ನಿಂತ ಮೇಲೆ ಎಡಗಾಲಿನ ಭಾರವನ್ನು ಬಲಗಾಲಿಗೆ ದಾಟಿಸಿದೆ.

ಮಾಯಪ್ಪ ಬಂದ. ದಾಟಿ ಹೋಗಲಿಲ್ಲ. ನಿಂತ. ಒಂಬತ್ತು ವರ್ಷದಲ್ಲಿ ಅವನು ಓಟದ ನಡುವೆ ನಿಂತದ್ದು ನೋಡಿಲ್ಲ.

‘ಏನಾತ್ರಿ?’

ಹುಲ್ಲು ಎಂದೆ.

ನೋಡಿದ. ನೋಡುತ್ತಲೇ ಉಸಿರು ತೆಗೆದುಕೊಂಡ. ‘ಎತ್ತಿಕೊಂಡು ಹೋಗ್ಲೇನ್ರಿ? ಕುರಿ ಹೊತ್ತ ಹೆಗಲು ಐತಿ.’

ಹಾಗೆ ಮಾಡಿದರೆ ಇಬ್ಬರೂ ಔಟ್ ಎಂದೆ. ಹೋಗು ಎಂದೆ.

ಎರಡು ಹೆಜ್ಜೆ ಹೋಗಿ ತಿರುಗಿದ. ‘ಆ ಬಿಳೇ ಗೆರಿ ಹಸರ ಐತೇನ್ರಿ ಸರ?’ ಎಂದ. ಆಮೇಲೆ ಓಡಿದ. ತೂತು ದೂರವಾಯಿತು.

ಬಾಗಿ ನೋಡಿದೆ. ಸುಣ್ಣ. ವರ್ಷವರ್ಷವೂ ಅದೇ ಜಾಗದಲ್ಲಿ ಬಳಿದು ಕೆಳಗಿನ ಹುಲ್ಲು ಬೇರುಸಹಿತ ಸುಟ್ಟಿದೆ. ಮೂರು ಬೆರಳಗಲ ಬರಿ ನೆಲ. ಹಿಂಸೆಯನ್ನು ಬೇರೆಯವರು ಮಾಡಿ ಮುಗಿಸಿದ ಜಾಗ. ಅದರ ಮೇಲೆ ಎಡಗಾಲು ಇಟ್ಟೆ, ಅದರ ಮುಂದೆ ಬಲಗಾಲು. ಕೈ ಎರಡೂ ಚಾಚಿ. ದೊಂಬರ ಹಗ್ಗದ ನಡಿಗೆ. ವೇಗ ಸಾಧ್ಯವೇ ಇರಲಿಲ್ಲ. ಮುನ್ನೂರು ಮೀಟರ್ ಹಾಗೆ. ಆರು ಜನ ದಾಟಿದರು. ಕೊನೆಯವರಿಗೆ ಅರವತ್ತೊಂದು ವರ್ಷ, ದಾಟುವಾಗ ಅಯ್ಯೋ ಪಾಪ ಎಂದರು. ಜನ ಚಪ್ಪಾಳೆ ಹಾಕಿದರು. ಹಬ್ಬಕ್ಕೆ ಏರ್ಪಡಿಸಿದ್ದು ಎಂದುಕೊಂಡಿರಬೇಕು.

ಎಂಟನೆಯವನಾಗಿ ಮುಟ್ಟಿದೆ. ಪೀಪಿ ಹಿಡಿದ ಪಿ.ಟಿ. ಮೇಷ್ಟ್ರು ಪಟ್ಟಿಯಲ್ಲಿ ನನ್ನ ನಂಬರಿನ ಮೇಲೆ ಗೀಟು ಎಳೆದರು. ಲೇನಿನ ಗೆರೆ ತುಳಿದವರು ಅನರ್ಹ. ‘ಒಂದು ಸಲ ತುಳದಿದ್ರ ಕಣ್ಣು ಮುಚ್ಚತಿದ್ದೆ’ ಎಂದರು ಬೇಸರದಿಂದ. ‘ನೀವು ಗೆರಿ ಬಿಟ್ಟು ಬ್ಯಾರೆ ಎಲ್ಲೂ ತುಳದಿಲ್ಲ.’

ಮುಕ್ತಾಯದ ಬಿಳಿ ಗೆರೆಯ ಮೇಲೆ ನಿಂತಿದ್ದೆ. ನಾಲ್ಕೂ ಕಡೆ ಹುಲ್ಲು. ಎಡಗಾಲು ನೆಲಕ್ಕೆ ತಾಗಿಸಲಾಗದು. ಮಾಯಪ್ಪ ಗೆದ್ದ ಕಪ್ಪನ್ನು ಬಗಲಲ್ಲಿ ಇಟ್ಟುಕೊಂಡು ಬಂದ, ಬಾಗಿದ, ಕೇಳದೆ ಎತ್ತಿದ. ಕುರಿಯ ಹಾಗೆ, ಕತ್ತಿನ ಸುತ್ತ, ಮುಂದೆ ಎರಡು ಕೈ, ಎರಡು ಕಾಲು ಹಿಡಿದು. ಅಲ್ಲಿಂದ ಅವನ ಬನಿಯನ್ನಿನ ತೂತು ನನ್ನ ಹೊಟ್ಟೆಯ ಕೆಳಗೆ ಎಲ್ಲೋ. ಮೊದಲ ಸಲ ಅದು ಕಾಣಲಿಲ್ಲ.

ಆ ದಿನ ತಟ್ಟಿ ನೋಡಿ ಹೇಳಿದ್ದನ್ನು ನಂಬಲಿಲ್ಲ, ಅನುಮಾನಪಟ್ಟೆ ಎಂದು ಅವನ ಕಿವಿಯ ಹತ್ತಿರ ಹೇಳಿದೆ. ಗೊತ್ತಿತ್ತು ಎಂದ. ಮಣ್ಣಿನ ಮೇಲೆ ಇಳಿಸಿದ ಮೇಲೆ ಕೇಳಿದ.

‘ಖರೇ ಹೇಳ್ರಿ. ಹುಲ್ಲಿಗೆ ನಿಂತ್ರೋ, ಕಾಲಿಗೆ ನಿಂತ್ರೋ?’

ಅಕ್ಟೋಬರ್ 21, ಮಂಗಳವಾರ

ನಸುಕಿನಲ್ಲಿ ಬಸದಿ, ನಿರ್ವಾಣ ಲಾಡು ಅರ್ಪಿಸುವ ಪೂಜೆ. ರಿಕ್ಷಾದಲ್ಲಿ ಹೋದೆ. ನಿಯಮ ಮುಗಿಯಿತು. ಮಹಾರಾಜರಿಗೆ ಖಾನಾಪುರದ ಸುದ್ದಿ ಮುಟ್ಟಿತ್ತು. ಆಶೀರ್ವಾದ ಮಾಡಿದರು, ಸುಣ್ಣದ ಬಗ್ಗೆ ಮಾತ್ರ ಏನೂ ಹೇಳಲಿಲ್ಲ.

ಸಂಜೆ ರಾಜಮತಿ ಆಕಾಶಬುಟ್ಟಿ ಹೊತ್ತಿಸಿದಳು. ಓಣಿಯವರು ನಿಂತು ಓದಿದರು. ಎದುರು ಮನೆಯ ದಾನೇಶ್ವರಿ ಬಿರುಕನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸುತ್ತಿದ್ದಳು.

ಅಕ್ಟೋಬರ್ 23, ಗುರುವಾರ

ಡಾ. ಪೂನಮ್ ಹೊಸ ಚಿತ್ರ ನೋಡಿದರು. ಗೆರೆ ಬೆಳೆದಿದೆ, ಆಚೆ ಬದಿಗೆ ಮುಟ್ಟಿಲ್ಲ. ಕೊನೆಯ ಮುನ್ನೂರು ಮೀಟರ್ ಜೋರಾಗಿ ಓಡಿದ್ದರೆ ಮುಟ್ಟುತ್ತಿತ್ತು. ಯಾಕೆ ಓಡಲಿಲ್ಲ ಎಂದು ಕೇಳಿದರು. ಹೇಳಿದೆ. ಬಹಳ ಹೊತ್ತು ಬರೆದರು. ಚೀಟಿಯಲ್ಲಿ ಎರಡೇ ಸಾಲು ಇದ್ದವು: 19ರಿಂದ ಆರು ವಾರ. ಈ ಸಲ ಕಾಲು ಅಲುಗದಂತೆ ಹಿಡಿಯುವ ಪಟ್ಟಿಯ ಬೂಟು.

ನಿಯಮದಿಂದ ಕಾಂಕ್ರೀಟಿನಲ್ಲೇ ಉಳಿದೆ, ಅಲ್ಲಿ ಬಿರುಕು ಬಂತು. ನಿಯಮದಿಂದ ನಿಂತೆ, ಬಿರುಕು ಮುರಿತವಾಗಲಿಲ್ಲ. ಕೂಡಿ ಕಳೆದರೆ ಸೊನ್ನೆ. ರಾಜಮತಿ ಇದನ್ನು ಒಪ್ಪುವುದಿಲ್ಲ. ಅವಳ ಮಟ್ಟಿಗೆ ಮೊದಲನೆಯದು ನನ್ನ ತಪ್ಪು, ಎರಡನೆಯದು ಧರ್ಮ.

‘ಮುಂದಿನ ವರ್ಷ ಸುಮ್ಮ ಬಟಾಟಿ ಬಿಡ್ರಿ’ ಎಂದಳು.

ನವೆಂಬರ್ 16, ರವಿವಾರ, ಬೆಳಿಗ್ಗೆ ಏಳು

ಇಪ್ಪತ್ತೆಂಟು.

ನಿನ್ನೆ ಮಾಯಪ್ಪ ಫೋನ್ ಮಾಡಿದ್ದ. ಬನಿಯನ್ ಹೊಸದು ತೆಗೆದುಕೊಂಡನಂತೆ, ರೈಲ್ವೆಯವರು ಕೊಟ್ಟದ್ದು. ಏನೋ ಕಳೆದ ಹಾಗಾಯಿತು. ಅದೇ ಪ್ರಶ್ನೆ ಮತ್ತೆ ಕೇಳಿದ, ಹುಲ್ಲಿಗೋ ಕಾಲಿಗೋ. ಗೊತ್ತಿಲ್ಲ ಎಂದೆ. ಖರೇನೇ ಗೊತ್ತಿಲ್ಲ. ಆ ಎರಡು ಸೆಕೆಂಡಿನಲ್ಲಿ ಯಾವುದು ಮೊದಲು ಬಂತು ಎಂದು ಹಿಂದಕ್ಕೆ ಹೋಗಿ ನೋಡುತ್ತೇನೆ. ಪ್ರತಿ ಸಲ ಬೇರೆ ಬೇರೆ ಕಾಣುತ್ತದೆ. ಕಾಲಿಗೆ ನಿಲ್ಲುವ ಮನುಷ್ಯನಾಗಿದ್ದರೆ ಖಾನಾಪುರಕ್ಕೆ ಹೋಗುತ್ತಲೇ ಇರಲಿಲ್ಲ ಎಂದು ರಾಜಮತಿ ಅನ್ನುತ್ತಾಳೆ. ವಾದ ಗಟ್ಟಿಯಾಗಿದೆ. ಒಮ್ಮೆ ಪರೀಕ್ಷಿಸಿ ನೋಡಬಹುದಾದಂಥದ್ದು.

ಅವಳು ಬಸದಿಗೆ ಹೋಗಿದ್ದಾಳೆ. ಒಂಬತ್ತಕ್ಕೆ ಬರುತ್ತಾಳೆ. ಹಿತ್ತಲ ಬಾಗಿಲ ಹೊಸ್ತಿಲಲ್ಲಿ ಕೂತು ಬರೆಯುತ್ತಿದ್ದೇನೆ. ಬೂಟು ಬಿಚ್ಚಿಟ್ಟಿದೆ, ಗಾಳಿಯಾಡಲಿ ಎಂದು. ಹುಲ್ಲು ಇನ್ನೂ ಪೂರಾ ಒಣಗಿಲ್ಲ. ಇಬ್ಬನಿ ಇದೆ. ನಿಯಮವಿಲ್ಲ. ನೋವೂ ಇಲ್ಲ.

ನಲವತ್ತೆರಡು ಎಂದಿದ್ದಾರೆ, ಗೊತ್ತು. ಸುಜಯನಿಗೆ ಹೇಳಿದ್ದೂ ನೆನಪಿದೆ. ಇದು ಓಟವಲ್ಲ. ಡಾ. ಪೂನಮ್ ಅವರೇ ಹೇಳಿದ ನೆಲ. ಬರಿಗಾಲು. ಹತ್ತಲ್ಲ, ಹನ್ನೊಂದಲ್ಲ. ಎಡಗಾಲಲ್ಲಿ ಒಂದೇ ಒಂದು ಸಲ ಹಾರಿ